ಕುದಾಪುರಕ್ಕೆ ತ್ರಿಶೂಲದ ಕಾರು

2024ರ ಜೂನ್ 23ರ ಬೆಳಿಗ್ಗೆ ಏಳು ಗಂಟೆ ದಾಟಿದ ಹೊತ್ತು. ಚಳ್ಳಕೆರೆ ತಾಲ್ಲೂಕಿನ ಕಾವಲು ಭೂಮಿಯ ಮೇಲೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಏರಿ, ಹೊಟ್ಟೆಗೆ ಕಟ್ಟಿಕೊಂಡಿದ್ದ ‘ಪುಷ್ಪಕ್’ ಅನ್ನು ಕೈಬಿಟ್ಟಿತು. ಇಸ್ರೊದ ಆ ರೆಕ್ಕೆಯ ವಾಹನ ತಾನೇ ದಾರಿ ತಿದ್ದಿಕೊಂಡು ಡಿಆರ್‌ಡಿಒ ರನ್‌ವೇ ಮುಟ್ಟಿದಾಗ ವೇಗ ಗಂಟೆಗೆ 320 ಕಿ.ಮೀ. ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗ ನೂರರ ಆಸುಪಾಸಿಗೆ ಇಳಿದ ಮೇಲೆಯೇ ಚಕ್ರದ ಬ್ರೇಕಿಗೆ ಕೆಲಸ.

ಮಸೆರಾಟಿ ಗ್ರಾನ್‌ಟುರಿಸ್ಮೊ ಎಂಬ ಇಟಲಿಯ ಎರಡು ಬಾಗಿಲಿನ ಕಾರಿನ ‘ಟ್ರೊಫಿಯೊ’ ಮಾದರಿಗೆ ಕಂಪನಿ ಹೇಳುವ ಗರಿಷ್ಠ ವೇಗವೂ ಅಷ್ಟೇ, 320. ಅದಕ್ಕೆ ಪ್ಯಾರಾಚೂಟ್ ಇಲ್ಲ, ನಂಬರ್ ಪ್ಲೇಟ್ ಇದೆ.

ಈ ಕಾರನ್ನು ಕೊಳ್ಳಬೇಕೋ ಬೇಡವೋ ಎಂದು ನನ್ನ ಗೆಳೆಯನೊಬ್ಬ ತಿಂಗಳುಗಟ್ಟಲೆ ತೂಗುತ್ತಿದ್ದಾನೆ. ಚಳ್ಳಕೆರೆಯ ಶೇಂಗಾ ಎಣ್ಣೆ ವ್ಯಾಪಾರದ ಮನೆಯವನು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಿಂದ ಕೈ ತುಂಬಿಸಿಕೊಂಡವನು. ತೋಟದ ಮನೆ ಇರುವುದು ಅದೇ ತಾಲ್ಲೂಕಿನ ಕುದಾಪುರದ ಕಡೆ. ಶನಿವಾರ ಬೆಳಿಗ್ಗೆ ಯಶವಂತಪುರ ದಾಟಿ ಹೊರಟರೆ ಊಟದ ಹೊತ್ತಿಗೆ ತೋಟದಲ್ಲಿರಬೇಕು, ಅದೂ ಈ ಕಾರಿನಲ್ಲಿ ಎಂಬುದು ಅವನ ಆಸೆ. ‘ದುಡ್ಡಿನ ಮಾತು ಬಿಡು, ಕಾರು ಹೆಂಗೆ ಹೇಳು’ ಅಂತಾನೆ. ಕಾರು ಹೇಗೆ ಎಂಬುದಕ್ಕಿಂತ ಈ ಜಾತಿಯ ಕಾರು ಯಾಕೆ ಹುಟ್ಟಿತು ಎಂದು ಕೇಳಿಕೊಂಡರೆ ಅವನಿಗೆ ಉತ್ತರ ಬೇಗ ಸಿಗುತ್ತದೆ ಎಂಬುದು ನನ್ನ ಲೆಕ್ಕ.

ಮಸೆರಾಟಿ ಶುರುವಾದದ್ದು 1914ರ ಡಿಸೆಂಬರ್‌ನಲ್ಲಿ, ಬೊಲೊನ್ಯ ನಗರದ ಒಂದು ವರ್ಕ್‌ಶಾಪ್ ಆಗಿ. ಮಸೆರಾಟಿ ಮನೆಯ ಅಣ್ಣತಮ್ಮಂದಿರಲ್ಲಿ ಬಹುಪಾಲು ಎಲ್ಲರೂ ಎಂಜಿನ್ನಿನ ಹುಚ್ಚಿನವರು; ಮಾರಿಯೊ ಒಬ್ಬ ಚಿತ್ರಕಾರ. ಊರ ಚೌಕದ ಕಾರಂಜಿಯಲ್ಲಿ ನಿಂತಿರುವ ಸಮುದ್ರದೇವ ನೆಪ್ಚೂನನ ಕೈಯಿಂದ ತ್ರಿಶೂಲವನ್ನು ತಂದು ಕಾರಿನ ಮೂತಿಗಿಟ್ಟವನು ಅವನೇ ಎನ್ನುತ್ತಾರೆ. ರೇಸ್ ಕಾರು ಮಾಡುವುದೇ ಅವರ ಕಸುಬಾಗಿತ್ತು. 1937ರಲ್ಲಿ ಕಂಪನಿಯನ್ನು ಒರ್ಸಿ ಮನೆತನಕ್ಕೆ ಮಾರಿದರು, ಆಮೇಲೆ ಕಾರ್ಖಾನೆ ಮೊದೆನಾಗೆ ಹೋಯಿತು. ಅಮೆರಿಕದ ಇಂಡಿಯಾನಾಪೊಲಿಸ್ ರೇಸನ್ನು 1939, 1940ರಲ್ಲಿ ಸಾಲಾಗಿ ಗೆದ್ದದ್ದು ಇವರದೇ ಗಾಡಿ.

ಎಲ್ಲ ತಿರುಗಿದ್ದು 1957ರಲ್ಲಿ. ಆ ವರ್ಷ ಹುವಾನ್ ಮ್ಯಾನುಯೆಲ್ ಫಾಂಜಿಯೊ ಮಸೆರಾಟಿಯಲ್ಲೇ ಕೂತು ವಿಶ್ವ ಚಾಂಪಿಯನ್ ಆದ. ಅದೇ ವರ್ಷ ಬ್ರೆಷಿಯಾದಿಂದ ರೋಮಿಗೆ ಹೋಗಿ ಮರಳುವ, ಸಾವಿರ ಮೈಲಿಯ ಮಿಲ್ಲೆ ಮಿಲ್ಯಾ ರಸ್ತೆ ರೇಸಿನಲ್ಲಿ ಫೆರಾರಿಯೊಂದು ಜನರ ಮೇಲೆ ನುಗ್ಗಿ ಮಕ್ಕಳೂ ಸೇರಿ ಹಲವರು ಸತ್ತರು. ವೇಗದ ರೇಸಾಗಿ ಮಿಲ್ಲೆ ಮಿಲ್ಯಾ ಅಲ್ಲಿಗೆ ನಿಂತಿತು. ವರ್ಷದ ಕೊನೆಗೆ ವೆನೆಜುವೆಲಾದ ರೇಸಿನಲ್ಲಿ ಮಸೆರಾಟಿಯ ಕಾರುಗಳೇ ಒಂದರ ಹಿಂದೊಂದು ಜಖಂ ಆದವು. ಗೆದ್ದ ವರ್ಷದಲ್ಲೇ ಕಂಪನಿಯ ಗಲ್ಲಾಪೆಟ್ಟಿಗೆ ಬರಿದಾಗಿತ್ತು. ಕಾರ್ಖಾನೆ ರೇಸಿನಿಂದ ಹಿಂದೆ ಸರಿಯಿತು.

ಉಳಿದ ಆಸರೆ ಒಂದೇ: ಅದೇ ವರ್ಷದ ಮಾರ್ಚ್‌ನಲ್ಲಿ ಜಿನೀವಾ ಮೇಳದಲ್ಲಿ ತೋರಿಸಿದ್ದ 3500 ಜಿಟಿ. ಎಂಜಿನಿಯರ್ ಜೂಲಿಯೊ ಆಲ್ಫಿಯೆರಿ ರೇಸಿನ ಆರು ಸಿಲಿಂಡರ್ ಎಂಜಿನ್ನನ್ನು ಪಳಗಿಸಿ, ಪೇಟೆಯಲ್ಲೂ ಓಡಿಸಬಹುದಾದ ಸೌಮ್ಯತೆಗೆ ಇಳಿಸಿದ್ದ. ಮೈಕಟ್ಟು ಮಿಲಾನಿನ ‘ಟೂರಿಂಗ್’ ಸಂಸ್ಥೆಯದು: ಸಣ್ಣ ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಅಲ್ಯೂಮಿನಿಯಂ ತಗಡು. ಈ ಕಾರು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ಖರ್ಚಾಯಿತು. ಅಲ್ಲಿಯವರೆಗೆ ಬೆರಳೆಣಿಕೆಯಲ್ಲಿ ರಸ್ತೆ ಕಾರು ಮಾಡುತ್ತಿದ್ದವರಿಗೆ ಅದು ಭಾರಿ ಸಂಖ್ಯೆ. ಇರಾನಿನ ಶಾ ಅದನ್ನು ಓಡಿಸಿ ನೋಡಿ, ಇದಕ್ಕಿಂತ ದೊಡ್ಡ ಎಂಜಿನ್ ಹಾಕಿ ಕೊಡಿ ಎಂದು ಕೇಳಿದ್ದರಿಂದ 5000 ಜಿಟಿ ಬಂತು. ಅದರ ಕಥೆ ಬೇರೆ, ಅದು ರಾಜರ ಕಥೆ.

ರೇಸು ನಿಂತ ಕಾರಣಕ್ಕೇ ಇಂಥ ಕಾರು ಹುಟ್ಟಿತು ಅಂದರೆ ಅರ್ಧ ಸತ್ಯ. ಆ ಮಾದರಿ ಅದಕ್ಕೂ ಹಳೆಯದು. 1930ರ ಹೊತ್ತಿಗೇ ಆಲ್ಫಾ ರೋಮಿಯೊ ತನ್ನ 6ಸಿ ಕಾರೊಂದನ್ನು ಗ್ರಾನ್ ಟುರಿಸ್ಮೊ, ಅಂದರೆ ದೂರಪಯಣದ ಕಾರು (ಗ್ರ್ಯಾಂಡ್ ಟೂರರ್), ಎಂದು ಕರೆದಿತ್ತು. ಇನ್ನರ್ಧ ಸತ್ಯ ಇರುವುದು ರಸ್ತೆಯಲ್ಲಿ. 1956ರಲ್ಲಿ ಶುರುವಾಗಿ 1964ರಲ್ಲಿ ಮುಗಿದ ‘ಸೂರ್ಯನ ಹೆದ್ದಾರಿ’ ಮಿಲಾನಿನಿಂದ ನೇಪಲ್ಸಿಗೆ ಸುರಂಗ, ಸೇತುವೆಗಳ ಮೇಲೆ ಒಂದೇ ಗೆರೆ ಎಳೆಯಿತು. ಬೆಳಿಗ್ಗೆ ಕಾರ್ಖಾನೆಗೆ ಕಾಲಿಟ್ಟು, ಇಬ್ಬರ ಬಟ್ಟೆ ಪೆಟ್ಟಿಗೆ ಹಿಂದೆ ಹಾಕಿಕೊಂಡು, ರಾತ್ರಿ ಊಟಕ್ಕೆ ಐನೂರು ಕಿಲೋಮೀಟರ್ ಆಚೆಯ ಊರಲ್ಲಿ ಇಸ್ತ್ರಿ ಕೆಡದ ಕೋಟಿನಲ್ಲಿ ಇಳಿಯಬೇಕು — ಇಂಥ ಹೊಸ ಸಾಹುಕಾರನಿಗೆ ಹೊಲಿದ ಅಂಗಿ ಈ ಕಾರು. ಆ ರಸ್ತೆ, ಆ ದೂರ, ಆ ಹಣ ಒಂದೇ ದಶಕದಲ್ಲಿ ಕೂಡಿ ಬಂದವು.

ದೂರವನ್ನು ದಣಿಯದೆ, ಹೊರೆ ಸಮೇತ, ಬೇಗ ದಾಟಬೇಕು ಎಂಬ ಹಟ ಇಟಲಿಯವರದೇ ಅಲ್ಲ. ಕುದಾಪುರ ಕಾವಲಿನ ಹುಲ್ಲು ಅದೇ ಹಟಕ್ಕೆ ಮೇವಾಗಿತ್ತು. ಚಿಕ್ಕದೇವರಾಜ ಒಡೆಯರು (1672–1704) ‘ಬೆಣ್ಣೆ ಚಾವಡಿ’ ಎಂದು ಕಟ್ಟಿದ ಅರಮನೆಯ ದನದ ಇಲಾಖೆ ಹೈದರನ ಕೈಯಲ್ಲಿ ಸೈನ್ಯದ ಬೆನ್ನೆಲುಬಾಯಿತು; ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ದನಗಳಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಕುಲ ಇದ್ದವೆಂದು ಹಳೆಯ ಮೈಸೂರು ಗೆಜೆಟಿಯರ್ ಎಣಿಸುತ್ತದೆ. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗೆ ಇನ್ನೊಂದು. ಹುಲ್ಲು ಇದ್ದಲ್ಲಿಗೆ ಹಿಂಡು. ಕಾಡುಗೂಳಿಯಂತೆ ಬೆಳೆದ ಹೋರಿಯನ್ನು ಹಿಡಿದು ಪಳಗಿಸಿ ತೋಪಿನ ಗಾಡಿಗೆ ಕಟ್ಟಬೇಕಿತ್ತು. ಹೈದರ್ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದ ಎಂದು ಅದೇ ಗೆಜೆಟಿಯರ್ ಹೇಳುತ್ತದೆ. ನೂರು ಮೈಲಿ ಅಂದರೆ ಹೆಚ್ಚುಕಮ್ಮಿ ಬೆಂಗಳೂರಿನಿಂದ ಹಿರಿಯೂರು. ಇವತ್ತು ಎರಡೂವರೆ ಗಂಟೆಯ ದಾರಿ.

ಸಣ್ಣ ತಲೆ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಬಿಗಿದ ಹೊಟ್ಟೆ, ಉದ್ದನೆ ಕಾಲು. ಅಜ್ಜಂಪುರದ ತಳಿ ಕೇಂದ್ರದಲ್ಲಿ ಈ ಹೋರಿಯನ್ನು ಪಕ್ಕದಿಂದ ನೋಡಿದವರಿಗೆ ಅದರ ಮೈಯಲ್ಲಿ ಬೇಡದ ಒಂದು ಗೆರೆಯೂ ಇಲ್ಲ ಎನಿಸುತ್ತದೆ. ಹಾಲಿಗೆ ಸಾಕಿದ್ದಲ್ಲ, ಮಾಂಸಕ್ಕೂ ಅಲ್ಲ, ದಾರಿಗೆ ಸಾಕಿದ್ದು. ದಾರಿ ಹೇಗೋ ಹಾಗೆ ಗಾಡಿ.

ಆ ಕಾವಲುಗಳು ಈಗ ಹಂಚಿಹೋಗಿವೆ. 2009ರಿಂದ ಈಚೆಗೆ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಡಿಆರ್‌ಡಿಒಗೆ ಸುಮಾರು 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573. ಕುರಿ ಮೇಯಿಸುವವರು, ಕಂಬಳಿ ನೇಯುವವರು ಗೋಡೆಯ ಆಚೆ ಉಳಿದರು. ಮಾತು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯವನ್ನು 2017ರ ಮೇ 28ರಂದು ಅರುಣ್ ಜೇಟ್ಲಿ ಉದ್ಘಾಟಿಸಿದರು. ಕುದಾಪುರದ ಅತಿ ನೇರವಾದ, ಅತಿ ನುಣುಪಾದ ದಾರಿ ಅಲ್ಲಿನ ರನ್‌ವೇ, ಮತ್ತು ಅಲ್ಲಿಗೆ ನನ್ನ ಗೆಳೆಯನ ಕಾರಿಗೆ ಪ್ರವೇಶವಿಲ್ಲ.

ಇಟಲಿಯ ಕಾರು ನಮಗೆ ಹೊಸದೂ ಅಲ್ಲ. ಮುಂಬೈನ ಪ್ರೀಮಿಯರ್ ಕಾರ್ಖಾನೆಯಿಂದ ಬರುತ್ತಿದ್ದ ಫಿಯಟ್ 1100, ಆಮೇಲೆ ‘ಪದ್ಮಿನಿ’ ಎಂದು ಹೆಸರು ಬದಲಿಸಿಕೊಂಡದ್ದು, ತ್ರಿಶೂಲದ ಕಾರಿನ ನಾಡಿನದೇ. ಸ್ಟೇರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ, ಮುಂದೆ ಒಂದೇ ಉದ್ದನೆ ಸೀಟು, ಅದರಲ್ಲಿ ಮೂವರು ಒತ್ತಿಕೊಂಡು ಕೂತು ಧರ್ಮಸ್ಥಳಕ್ಕೆ ಹೋಗಿಬಂದ ಮನೆಗಳು ಎಷ್ಟೋ. ಎರಡು ಬಾಗಿಲಿನ ಸೊಗಸಿನ ಕಾರನ್ನು ಕರ್ನಾಟಕದವರೂ ಒಮ್ಮೆ ಮಾಡಿ ನೋಡಿದರು. ರೈಲು ಎಂಜಿನ್ ತಯಾರಿಕೆಯ ಬೆಂಗಳೂರಿನ ಸ್ಯಾನ್ ಬಳಗ 1990ರ ದಶಕದ ಕೊನೆಗೆ ‘ಸ್ಯಾನ್ ಸ್ಟಾರ್ಮ್’ ತಂದಿತು: ಫೈಬರ್ ಮೈ, ರೆನೊದ 1149 ಸಿಸಿ ಎಂಜಿನ್, ಅರವತ್ತರಷ್ಟು ಅಶ್ವಶಕ್ತಿ. ತಿರುಗಿ ನೋಡುವಂತಿತ್ತು. ಕೊಂಡವರು ಕಡಿಮೆ.

ಯಾಕೆಂದರೆ ನಮ್ಮ ದಾರಿ ಬೇರೆಯದನ್ನು ಕೇಳುತ್ತಿತ್ತು. ಸುವರ್ಣ ಚತುರ್ಭುಜ ಹೆದ್ದಾರಿ ಚಿತ್ರದುರ್ಗದ ಮೇಲೆ ಹಾದು ಚೆನ್ನೈ–ಮುಂಬೈ ದೂರವನ್ನು ಕುಗ್ಗಿಸಿದ ವರ್ಷಗಳಲ್ಲೇ ಬಿಡದಿಯಿಂದ ಮೊದಲು ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದವು. ಏಳೆಂಟು ಜನ, ಮೇಲೆ ಲಗೇಜು, ರಾತ್ರಿಯಿಡೀ ಓಟ, ಬೆಳಿಗ್ಗೆ ಮಂತ್ರಾಲಯ ಇಲ್ಲವೇ ತಿರುಪತಿ. ಕನ್ನಡ ನಾಡಿನ ನಿಜವಾದ ಗ್ರ್ಯಾಂಡ್ ಟೂರರ್ ಯಾವುದು ಎಂದು ಕೇಳಿದರೆ ನಾನು ಕಣ್ಣುಮುಚ್ಚಿ ಇನ್ನೋವಾ ಅನ್ನುತ್ತೇನೆ. ಗೆಳೆಯನಿಗೆ ಈ ಮಾತು ಹಿಡಿಸಲಿಲ್ಲ.

ಇನ್ನು ಅವನು ಬೇಡ ಅಂದರೂ ದುಡ್ಡಿನ ಮಾತು. ಹೊಸ ಗ್ರಾನ್‌ಟುರಿಸ್ಮೊ 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದಾಗ ‘ಮೊದೆನಾ’ ಮಾದರಿಗೆ ಷೋರೂಂ ಬೆಲೆ 2.72 ಕೋಟಿ, ಟ್ರೊಫಿಯೊಗೆ 2.90 ಕೋಟಿ. ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ. ಮೊದಲನೆಯದಕ್ಕೆ 490, ಎರಡನೆಯದಕ್ಕೆ 550 ಅಶ್ವಶಕ್ತಿ. ಪೂರ್ತಿ ಕಟ್ಟಿದ ಕಾರಾಗಿ ಹಡಗಿನಲ್ಲಿ ಬರುವುದರಿಂದ ಬೆಲೆಯ ಬಹುಪಾಲು ಆಮದು ಸುಂಕ ಮತ್ತು ಜಿಎಸ್‌ಟಿ. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಶೇ 18, ಆ ತೆರಿಗೆಯ ಮೇಲೆ ಸೆಸ್ ಬೇರೆ. 2.72 ಕೋಟಿಗೆ ಲೆಕ್ಕ ಹಾಕಿದರೆ ಸೆಸ್ ಬಿಟ್ಟೇ ಸುಮಾರು 49 ಲಕ್ಷ. ಚಳ್ಳಕೆರೆಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶದ ಊಟವನ್ನೂ ಹಾಕಿಸಬಹುದು.

‘ಪುದುಚೇರಿ ನಂಬರ್ ಹಾಕ್ಸಿದ್ರೆ?’ ಎಂದ. ಆ ಕಾಲ ಹೋಯಿತು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ಹೊರರಾಜ್ಯದ ನಂಬರಿನ ಸುಮಾರು ಮೂವತ್ತು ಐಷಾರಾಮಿ ಕಾರು ಹಿಡಿಯಿತು. ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಫೆರಾರಿಯೊಂದರಿಂದ ಒಂದೇ ಸಲಕ್ಕೆ 1.42 ಕೋಟಿ ತೆರಿಗೆ ಕಟ್ಟಿಸಿಕೊಂಡಿತು. ಅದೂ ಇಟಲಿಯದೇ.

ವೇಗದ ಮಾತೂ ಅಷ್ಟೇ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಮಿತಿ ನೂರು. ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ 130 ದಾಟಿದರೆ ದಂಡ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ, ಎಫ್‌ಐಆರ್. ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಬಳ್ಳಾರಿ ರಸ್ತೆ ಹಿಡಿದ ಮೇಲೆ ಮಾತೇ ಬೇರೆ: ಒಕ್ಕಣೆಗೆ ಹರಡಿದ ಹುರುಳಿ, ಕುರಿಮಂದೆ, ಎದುರು ದಿಕ್ಕಿನಿಂದ ನಿಮ್ಮ ಪಥದಲ್ಲೇ ಬರುವ ಟ್ರ್ಯಾಕ್ಟರ್. ಹಂಪ್‌ಗಳದ್ದು ಇನ್ನೊಂದು ಪುರಾಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಬೇಕು. ಅಪಘಾತವಾದ ಮರುದಿನ ಊರವರೇ ಸುರಿದ ಹಂಪಿಗೆ ಈ ಲೆಕ್ಕ ಗೊತ್ತಿಲ್ಲ. ಈ ಕಾರಿಗೆ ಗಾಳಿ ತುಂಬಿದ ಸಸ್ಪೆನ್ಷನ್ ಇದೆ, ಮೈ ಸ್ವಲ್ಪ ಎತ್ತಿಕೊಳ್ಳುತ್ತದೆ. ಆದರೂ ಪ್ರತಿ ಹಂಪಿನ ಮುಂದೆ ಉಸಿರು ಬಿಗಿಹಿಡಿದು ಅಡ್ಡಡ್ಡ ತಿರುಗಿಸಿ ದಾಟಿಸಬೇಕು. ಟೈರು ಒಡೆದರೆ ಚಳ್ಳಕೆರೆಯ ಪಂಕ್ಚರ್ ಅಂಗಡಿಯವನು ಚಹಾ ಕುಡಿಸಿ ಕಳಿಸಬಹುದು, ಅಷ್ಟೇ. ಸರ್ವಿಸಿಗೆ ಬೆಂಗಳೂರು, ಇನ್ನೂರು ಕಿಲೋಮೀಟರ್.

ಇಷ್ಟಾದ ಮೇಲೆ ಬೇಡ ಅನ್ನುವುದು ಸುಲಭ. ನಾನು ಹಾಗೆ ಅನ್ನಲಿಲ್ಲ. ಕಾರಣ ಇದೇ ಸೀಮೆಯಲ್ಲಿದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ‘ದೇವರ ಎತ್ತು’ಗಳ ಹಿಂಡು ಇವತ್ತಿಗೂ ಇದೆ. ಅವಕ್ಕೆ ನೊಗ ಕಟ್ಟುವುದಿಲ್ಲ, ನೇಗಿಲು ಹೂಡುವುದಿಲ್ಲ. ಮುಳ್ಳುಬೇಲಿಯ ರೊಪ್ಪದಲ್ಲಿ ಕಿಲಾರಿ ಅವನ್ನು ಕಾಯುತ್ತಾನೆ. ಬರ ಬಂದರೆ ಮೇವಿಗಾಗಿ ಊರೂರು ಅಲೆಯುತ್ತಾರೆ, ಎತ್ತನ್ನು ಮಾತ್ರ ಮಾರುವುದಿಲ್ಲ. ಉಪಯೋಗದ ತಕ್ಕಡಿಯಲ್ಲಿ ಅವು ತೂಗುವುದೇ ಇಲ್ಲ. ಉಳುವ ಎತ್ತಿಗೊಂದು ಲೆಕ್ಕ, ದೇವರ ಎತ್ತಿಗೆ ಇನ್ನೊಂದು ಎಂದು ತಿಳಿದ ಜನರ ನಡುವೆ ಹುಟ್ಟಿದವನಿಗೆ ಉಪಯೋಗವಿಲ್ಲ, ಕೊಳ್ಳಬೇಡ ಎಂದು ಬುದ್ಧಿ ಹೇಳಲು ನಾಲಿಗೆ ಬರಲಿಲ್ಲ. ಒಂದು ವ್ಯತ್ಯಾಸ ಮಾತ್ರ ಹೇಳಿದೆ: ದೇವರ ಎತ್ತು ಹಟ್ಟಿಗೆಲ್ಲ ಸೇರಿದ್ದು. ಈ ಕಾರಿನ ಕೀಲಿ ಒಬ್ಬನ ಜೇಬಿನಲ್ಲಿರುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟಾಗಿತ್ತು. ಕೊಳ್ಳುವುದೇ ಆದರೆ ಟ್ರೊಫಿಯೊ ಬೇಡ, ಮೊದೆನಾ ಸಾಕು; ಬಳಸಲಾಗದ ಅರವತ್ತು ಕುದುರೆಗೆ ಹದಿನೆಂಟು ಲಕ್ಷ ಯಾಕೆ. ಅದಕ್ಕಿಂತ ಜಾಣತನ ಎರಡು ಮೂರು ವರ್ಷ ಓಡಿದ ಕಾರು: ಈ ಕಂಪನಿಯ ಗಾಡಿಗಳ ಬೆಲೆ ಬೇಗ ಇಳಿಯುತ್ತದೆ ಎಂಬುದು ಲೋಕಕ್ಕೆಲ್ಲ ಗೊತ್ತು, ಆ ಇಳಿತವನ್ನು ಮೊದಲ ಮಾಲೀಕನೇ ನುಂಗಲಿ. ಕರ್ನಾಟಕದ ತೆರಿಗೆ ಕಟ್ಟಿದ ರಸೀದಿ ನೋಡದೆ ಮುಂಗಡ ಕೊಡಬೇಡ. ತೋಟಕ್ಕೆ ಹೋಗಲು ಇನ್ನೋವಾ ಇರಲಿ.

ಅವನ ಅಪ್ಪ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಕೋಟಿಯ ಮಾತಿಗೂ, 320ರ ಮಾತಿಗೂ ಹೂಂ ಅನ್ನಲಿಲ್ಲ. ಕೊನೆಗೆ ಕೇಳಿದರು: ‘ಅಲ್ಲಪ್ಪಾ, ಎಲ್ಡೇ ಬಾಗ್ಲು ಅಂತೀಯ. ಹಿಂದ್ಗಡೆ ಸೀಟ್ನಾಗೆ ನಿಮ್ಮವ್ವ ಕುಂತ್ಕಳಾಕೆ ಆಗ್ತೈತಾ?’

ಆಗುತ್ತದೆ. ಈ ಕಾರಿನ ಹೆಚ್ಚುಗಾರಿಕೆಯೇ ಅದು. ಇಂಥ ಕಾರುಗಳಲ್ಲಿ ಹಿಂದಿನ ಸೀಟು ಸಾಮಾನ್ಯವಾಗಿ ಹೆಸರಿಗಷ್ಟೇ, ಇದರಲ್ಲಿ ದೊಡ್ಡವರಿಬ್ಬರು ನಿಜವಾಗಿ ಕೂರಬಹುದು. ಮುಂದಿನ ಸೀಟು ಬಗ್ಗಿಸಿ, ತಲೆ ತಗ್ಗಿಸಿ, ಒಂದು ಕಾಲು ಮೊದಲು ಇಟ್ಟು ಒಳಗೆ ನುಸುಳಬೇಕು. ಅವ್ವನಿಗೆ ಮಂಡಿನೋವು. ಟೆಸ್ಟ್ ಡ್ರೈವಿಗೆ ಅವರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿದೆ.