ಖೇಣಿಯೂ ಅಲ್ಲ, ನೌಕರಿಯೂ ಅಲ್ಲ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ಅಡಿಕೆ ಬೆಳೆಗಾರರಿಗೆ ಹೊರಗುತ್ತಿಗೆ ಹೊಸದೇನಲ್ಲ. ಅವರು ಅದನ್ನು ಖೇಣಿ ಎನ್ನುತ್ತಾರೆ. ಫಸಲನ್ನು ಖೇಣಿದಾರನಿಗೆ ಒಪ್ಪಿಸಿದ ಮೇಲೆ ಗೊನೆ ಇಳಿಸುವುದು, ಸುಲಿಸುವುದು, ಬೇಯಿಸುವುದು, ಆಳು ಹುಡುಕುವುದು ಎಲ್ಲವೂ ಅವನ ಪಾಲಿನವು. ಹಸಿ ಅಡಿಕೆ ಕ್ವಿಂಟಲಿಗೆ ಇಷ್ಟೆಂದು ಮಾತಾದ ಮೇಲೆ ಒಣಗಿದಾಗ ತೂಕ ಬಾರದಿದ್ದರೆ ನಷ್ಟವೂ ಅವನದೇ. ಕೆಲಸದ ಜೊತೆಗೆ ಅಪಾಯವೂ ಕೈ ದಾಟುವುದರಿಂದಲೇ ಈ ಪದ್ಧತಿ ಉಳಿದುಕೊಂಡಿದೆ.

ಇದೇ ಅಳತೆಗೋಲನ್ನು ಸರ್ಕಾರಿ ಕಚೇರಿಯ ಹೊರಗುತ್ತಿಗೆಗೆ ಹಿಡಿದು ನೋಡಬೇಕು. ಆಸ್ಪತ್ರೆಯ ಗ್ರೂಪ್ ‘ಡಿ’ ನೌಕರ, ಹಾಸ್ಟೆಲ್ ಅಡುಗೆಯವರು, ಡಾಟಾ ಎಂಟ್ರಿ ಆಪರೇಟರ್ ಇವರನ್ನು ಏಜೆನ್ಸಿ ಮೂಲಕ ಪಡೆಯುವಾಗ ಕನಿಷ್ಠ ವೇತನ ಮೊದಲೇ ನಿಗದಿಯಾಗಿರುತ್ತದೆ. ಮಾಲೀಕರ ಪಾಲಿನ ಪಿ.ಎಫ್. ಶೇ 12, ಇ.ಎಸ್.ಐ. ಶೇ 3.25 ಕೂಡ ಕಾನೂನಿನ ಲೆಕ್ಕ. ಟೆಂಡರಿನಲ್ಲಿ ಪೈಪೋಟಿಗೆ ಉಳಿಯುವುದು ಬಹುಮಟ್ಟಿಗೆ ಏಜೆನ್ಸಿಯ ಸೇವಾ ಶುಲ್ಕವೊಂದೇ. ಕೆಲಸ ಹೇಳುವವರು ಕಚೇರಿಯವರೇ, ಹಾಜರಿ ನೋಡುವವರೂ ಅವರೇ. ಹಾಗಾದರೆ ಏಜೆನ್ಸಿ ತಂದ ದಕ್ಷತೆ ಯಾವುದು? ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಉದ್ಯೋಗದಾತನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಸೆಕ್ಷನ್ ಹೇಳಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲೂ ಆ ತತ್ವ ಉಳಿದಿದೆ. ಅಂದರೆ ಕಾನೂನಿನ ಕಣ್ಣಲ್ಲಿ ಅಪಾಯ ಕಚೇರಿಯ ಹೊಸ್ತಿಲು ದಾಟಿಯೇ ಇಲ್ಲ.

ಹೊರಗುತ್ತಿಗೆಯೇ ಬೇಡವೆಂದರೆ ಅದೂ ಹಟವಾದೀತು. 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು; ಹೊಸ ಕಚೇರಿಗಳು ನೇಮಕಾತಿ ಮುಗಿಯಲೆಂದು ಬಾಗಿಲು ಹಾಕಿಕೊಂಡು ಕೂರಲಾರವು. 2008ರಲ್ಲಿ ಆರಂಭವಾದ 108 ಆಂಬುಲೆನ್ಸ್‌ನಂಥ ಸೇವೆಯಲ್ಲಿ ಕೊಡುವುದು ಆಳನ್ನಲ್ಲ, ಕರೆ ಬಂದ ಎಷ್ಟು ಹೊತ್ತಿಗೆ ವಾಹನ ತಲುಪಿತೆಂದು ಅಳೆಯಬಹುದಾದ ಕೆಲಸವನ್ನು. ಇದು ಖೇಣಿಗೆ ಹತ್ತಿರ. ಮಳೆ ಕೈಕೊಡುವ ಜಗಳೂರಿನಂಥ ಕಡೆ ಹೊರಗುತ್ತಿಗೆಯಾದರೂ ಸರಿ, ಗುಳೆ ಹೋಗುವುದು ತಪ್ಪುತ್ತದಲ್ಲ ಎಂಬ ವಾದವನ್ನೂ ಹಗುರವಾಗಿ ತಳ್ಳುವಂತಿಲ್ಲ. ಆದರೆ ಆ ಕೆಲಸ ಹುಟ್ಟಿದ್ದು ಖಜಾನೆಯ ಹಣದಿಂದ, ಏಜೆನ್ಸಿಯಿಂದಲ್ಲ. ಹೀಗೆ ದುಡಿಯುವವರನ್ನು ಕಾಯಂ ಮಾಡಲು ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ಅಡ್ಡ ಬರುತ್ತದೆ ಎನ್ನುವವರು 2024ರ ಡಿಸೆಂಬರಿನ ಜಗ್ಗೋ ಪ್ರಕರಣವನ್ನೂ ಓದಬೇಕು: ವರ್ಷಗಟ್ಟಲೆ ದುಡಿದವರನ್ನು ತೆಗೆದು ಅದೇ ಕೆಲಸವನ್ನು ಏಜೆನ್ಸಿಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇನ್ನು ಮಧ್ಯವರ್ತಿಯಿಲ್ಲದೆ ಆಗದು ಎಂಬ ಮಾತಿಗೆ ಪೌರಕಾರ್ಮಿಕರೇ ಉತ್ತರ. ಅವರ ಗುತ್ತಿಗೆ ಪದ್ಧತಿಯನ್ನು ರಾಜ್ಯ ಸರ್ಕಾರವೇ ಕೈಬಿಟ್ಟು ನೇರ ಪಾವತಿಗೆ ಬಂತು. ಅದರಿಂದ ಬೀದಿ ಗುಡಿಸುವುದೇನೂ ನಿಲ್ಲಲಿಲ್ಲ.