ಸಿಹಿ ಬಯಸುವವರ ದ್ರಾಕ್ಷಾಮದ್ಯ

ಬಟ್ಟಲಿನಲ್ಲಿ ತುಳುಕುವ ದ್ರವವನ್ನು 'ಒಣ' ಎಂದು ವರ್ಣಿಸುವುದು ವೈನಿನ ಲೋಕದ ವಿಚಿತ್ರಗಳಲ್ಲೊಂದು. ಇಂಗ್ಲಿಷರ 'ಡ್ರೈ', ಫ್ರೆಂಚರ 'ಸೆಕ್', ಜರ್ಮನರ 'ಟ್ರಾಕನ್' ಮೂರಕ್ಕೂ ಒಣಗಿದ್ದೆಂದೇ ನಿಘಂಟಿನ ಅರ್ಥ. ವೈನಿಗೆ ಅನ್ವಯಿಸಿದಾಗ ಮಾತ್ರ ಅದು ಸಕ್ಕರೆ ಉಳಿದಿಲ್ಲವೆಂಬುದರ ಸೂಚನೆ. ಇಂತಹ ವೈನನ್ನು ಮೊದಲ ಸಲ ಗುಟುಕರಿಸಿ ಮುಖ ಕಿವುಚಿದವರಿಗೆ ಬಲ್ಲವರೆನಿಸಿಕೊಂಡವರು ಕೊಡುವ ಉಪದೇಶ ಒಂದೇ: ಅಭ್ಯಾಸವಾದರೆ ರುಚಿ ತಿಳಿದೀತು. ಸಿಹಿಯನ್ನು ಬಯಸುವುದು ಬಾಲಬುದ್ಧಿಯೆಂಬ ತಿರಸ್ಕಾರ ಆ ಮಾತಿನಲ್ಲಿ ಅಡಗಿದೆ. ಯೂರೋಪಿನ ಇತಿಹಾಸ ಈ ತಿರಸ್ಕಾರವನ್ನು ಸಮರ್ಥಿಸುವುದಿಲ್ಲ. ಹಂಗೇರಿಯ ಟೋಕಾಯ್ ಪ್ರಾಂತಕ್ಕೆ 1737ರಲ್ಲಿಯೇ ರಾಜಾಜ್ಞೆಯಿಂದ ಗಡಿ ಗುರುತಿಸಲಾಯಿತು. ಆ ಪ್ರಾಂತದ ಕೀರ್ತಿಗೆ ಕಾರಣ ಅಲ್ಲಿನ ಸಿಹಿ ವೈನು. ಫ್ರಾನ್ಸಿನ ಬೋರ್ಡೋದಲ್ಲಿ 1855ರಲ್ಲಿ ವೈನುಗಳನ್ನು ಶ್ರೇಣೀಕರಿಸಿದಾಗ ಬಿಳಿಯ ವೈನುಗಳ ಪಟ್ಟಿಗೆ ಸೇರಿದವೆಲ್ಲ ಸೋಟರ್ನ್ ಮತ್ತು ಬಾರ್ಸಾಕ್‌ಗಳ ಸಿಹಿ ವೈನುಗಳೇ.

ಆದರೆ ಕೊಳ್ಳುವ ಮೊದಲು ತನಗೆ ಒಗ್ಗದಿರುವುದು ಯಾವುದೆಂದು ನಿಶ್ಚಯಿಸಿಕೊಳ್ಳಬೇಕು. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವುಂಟು: ಒಗರು ಎಂಬ ಪದ ನಮ್ಮಲ್ಲಿದೆ. ಎಳೆಯ ಬಾಳೆಕಾಯಿಯನ್ನೋ ಬಲಿಯದ ಸೀಬೆಯನ್ನೋ ಕಚ್ಚಿದಾಗ ನಾಲಗೆ ಒರಟಾಗಿ ಬಾಯಾರಿದಂತಾಗುವುದಲ್ಲವೆ, ಅದೇ ಒಗರು. ಕೆಂಪು ವೈನಿನಲ್ಲಿ ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಇಳಿದ ಟ್ಯಾನಿನ್ ಇದನ್ನೇ ಮಾಡುತ್ತದೆ. 'ಡ್ರೈ ನನಗಾಗದು' ಎನ್ನುವವರಲ್ಲಿ ಹಲವರ ದೂರು ಸಕ್ಕರೆಯ ಅಭಾವದ ಮೇಲಲ್ಲ, ಈ ಒಗರಿನ ಮೇಲೆ. ಅಂಥವರಿಗೆ ಬಿಳಿಯ ವೈನೋ, ಬೋಜೊಲೆಯಂತಹ ಒಗರು ಕಡಿಮೆಯಾದ ಕೆಂಪು ವೈನೋ ಸಾಕಾದೀತು.

ನಿಜವಾಗಿ ಸಿಹಿಯೇ ಬೇಕೆನ್ನುವವರು ಸೀಸೆಯ ಮೇಲಿನ ಒಂದು ಅಂಕಿಯನ್ನು ಓದಲು ಕಲಿಯಬೇಕು. ದ್ರಾಕ್ಷಾರಸದ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ತಿಂದು ಮದ್ಯಸಾರವನ್ನಾಗಿ ಮಾರ್ಪಡಿಸುತ್ತವೆ. ಸಕ್ಕರೆ ಮುಗಿಯುವ ಮೊದಲೇ ಹುದುಗುವಿಕೆಯನ್ನು ನಿಲ್ಲಿಸಿದರೆ ಸಿಹಿ ಉಳಿಯುತ್ತದೆ, ಮದ್ಯಸಾರ ತಗ್ಗುತ್ತದೆ. ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ವೈನಿನಲ್ಲಿ ಮದ್ಯಸಾರ ಶೇಕಡಾ 8 ಎಂದಿದ್ದರೆ ಅದು ಸಿಹಿ. 12 ಎಂದಿದ್ದರೆ ಬಹುಮಟ್ಟಿಗೆ ಡ್ರೈ. ಇಟಲಿಯ ಮೊಸ್ಕಾಟೊ ದಾಸ್ತಿಯಲ್ಲಿ ಶೇಕಡಾ 5ರ ಆಸುಪಾಸು. ಸಣ್ಣ ನೊರೆ, ಹಗುರ ಅಮಲು, ಮಾಗಿದ ದ್ರಾಕ್ಷಿಯದೇ ಪರಿಮಳ. ಆರಂಭಿಸುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಮಾತುಗಳನ್ನು ನಂಬಿ ಹೊರಟವರಿಗೆ ಮೋಸವಾಗುವುದುಂಟು. ಷಾಂಪೇನಿನಲ್ಲಿ 'ಎಕ್ಸ್‌ಟ್ರಾ ಡ್ರೈ' ಎಂದರೆ ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ. ಆ ವಿಶೇಷಣವಿಲ್ಲದ 'ಬ್ರೂಟ್' ಅದಕ್ಕಿಂತ ಡ್ರೈ! ಸಿಹಿ ಬೇಕಾದವರು 'ದೆಮಿ ಸೆಕ್' ಎಂಬುದನ್ನು ಹುಡುಕಬೇಕು. ಅದರಲ್ಲಿ 32ರಿಂದ 50 ಗ್ರಾಂ ಇರುತ್ತದೆ. ಜರ್ಮನರ 'ಟ್ರಾಕನ್' ಪದವೇ ತಲೆಯಲ್ಲಿರುವ 'ಟ್ರಾಕನ್‌ಬೇರೆನ್‌ಆಸ್ಲೇಸೆ' ಅತ್ಯಂತ ಸಿಹಿಯಾದದ್ದು. ಅಲ್ಲಿ ಒಣಗಿರುವುದು ಹಣ್ಣು, ವೈನಲ್ಲ. ವೈಯಾಕರಣರು ಸಮಾಸ ಬಿಡಿಸುವಾಗ ತೋರುವ ಎಚ್ಚರ ಇಲ್ಲಿಯೂ ಬೇಕು.

ಸೋಟರ್ನ್‌ನ ಕಥೆ ಇನ್ನೂ ಸೊಗಸಾದದ್ದು. ಸಿರೋನ್ ಎಂಬ ತಣ್ಣನೆಯ ಹೊಳೆ ಗಾರೋನ್ ನದಿಯನ್ನು ಕೂಡುವಲ್ಲಿ ಶರತ್ಕಾಲದ ಮುಂಜಾವಿನಲ್ಲಿ ಮಂಜು ಕವಿಯುತ್ತದೆ. ಆ ತೇವದಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣನ್ನು ಮುತ್ತಿ ಸಿಪ್ಪೆಯಲ್ಲಿ ಸೂಕ್ಷ್ಮ ರಂಧ್ರಗಳನ್ನು ಕೊರೆಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೀರು ಆರಿ ಸಕ್ಕರೆಯೂ ಹುಳಿಯೂ ಸಾಂದ್ರವಾಗುತ್ತವೆ. ಬೂಷ್ಟು ಹಿಡಿದ ಹಣ್ಣನ್ನು ನಾವು ತಿಪ್ಪೆಗೆ ಎಸೆಯುತ್ತೇವೆ. ಫ್ರೆಂಚರು ಅದಕ್ಕೆ 'ಕುಲೀನ ಕೊಳೆತ' ಎಂದು ಹೆಸರಿಟ್ಟು ಕೂಲಿಯವರನ್ನು ಹಲವು ಸಲ ತೋಟಕ್ಕಟ್ಟಿ ಒಂದೊಂದಾಗಿ ಆರಿಸಿ ತರಿಸುತ್ತಾರೆ. ರಸ ಸ್ವಲ್ಪವೇ ದೊರೆಯುವುದರಿಂದ ಬೆಲೆ ಏರುತ್ತದೆ. ಇದರಲ್ಲಿ ಸಿಹಿಯಷ್ಟೇ ಹುಳಿಯೂ ಮುಖ್ಯ. ಹುಳಿಯಿಲ್ಲದ ಸಿಹಿ ವೈನು ಬರಿಯ ಪಾಕ. ಎರಡನೆಯ ಗುಟುಕಿಗೇ ಸಾಕೆನಿಸುತ್ತದೆ. ಅಂಗಡಿಯಲ್ಲಿ ಅರ್ಧ ಸೀಸೆ ದೊರೆತರೆ ಅದನ್ನೇ ಕೊಳ್ಳುವುದು ಜಾಣತನ.

ಮೇಲೆ ಹೇಳಿದ ಅಂಕಿಯ ಸೂತ್ರ ಸೋಟರ್ನ್‌ಗೆ ಅನ್ವಯಿಸದು. ಅದರಲ್ಲಿ ಸಕ್ಕರೆಯೂ ಮದ್ಯಸಾರವೂ ಎರಡೂ ಹೆಚ್ಚು. ಪೋರ್ಚುಗಲ್ಲಿನ ಪೋರ್ಟ್ ವೈನಿಗಂತೂ ಸಲ್ಲದು. ಹುದುಗುತ್ತಿರುವ ರಸಕ್ಕೆ ದ್ರಾಕ್ಷಿಯ ಸಾರಾಯಿಯನ್ನು ಬೆರೆಸಿ ಯೀಸ್ಟನ್ನು ಅಡಗಿಸುವುದರಿಂದ ಸಿಹಿಯೊಡನೆ ಶೇಕಡಾ 20ರಷ್ಟು ಮದ್ಯಸಾರವೂ ಸೇರುತ್ತದೆ. ಸಿಹಿ ಅಮಲನ್ನು ಮರೆಮಾಚುವುದರಿಂದ ಶರಬತ್ತಿನಂತೆ ಕುಡಿದವರು ಏಳುವಾಗ ಗೋಡೆ ಹಿಡಿಯಬೇಕಾದೀತು. ನಮ್ಮ ಅಂಗಡಿಗಳಲ್ಲಿ 'ಪೋರ್ಟ್' ಹೆಸರಿನಲ್ಲಿ ಮಾರುವ ಅಗ್ಗದ ವೈನುಗಳು ಪೋರ್ಚುಗಲ್ಲಿನವಲ್ಲ. ಬೆಂಗಳೂರು, ಚಿಕ್ಕಬಳ್ಳಾಪುರಗಳ ಸುತ್ತ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯಿಂದಲೂ ನಮ್ಮಲ್ಲಿ ಸಿಹಿ ವೈನು ತಯಾರಾಗುವುದುಂಟು. ಅದರ ಗಾಢ ಪರಿಮಳ ಮೆಚ್ಚುವವರು ಕೊಳ್ಳಲಡ್ಡಿಯಿಲ್ಲ.

ಮನೆಗೆ ತಂದಮೇಲೆ ಬಿಳಿಯ ಸಿಹಿ ವೈನನ್ನು ಚೆನ್ನಾಗಿ ತಣಿಸಿ ಸಣ್ಣ ಲೋಟದಲ್ಲಿ ಕೊಡಬೇಕು. ಹೋಳಿಗೆಯೊಡನೆ ಬೇಡ, ತನಗಿಂತ ಸಿಹಿಯಾದ ಭಕ್ಷ್ಯದ ಮುಂದೆ ಯಾವ ವೈನೂ ಬರಿಯ ಹುಳಿಯೆನಿಸುತ್ತದೆ. ಫ್ರೆಂಚರು ಸೋಟರ್ನ್‌ಗೆ ಜೊತೆಯಾಗಿ ಉಪ್ಪುಪ್ಪಾದ ರೋಕ್‌ಫೋರ್ ಗಿಣ್ಣನ್ನು ಇಡುತ್ತಾರೆ. ಅದು ಸಿಕ್ಕದಿದ್ದರೆ ಉಪ್ಪು ಹಚ್ಚಿ ಹುರಿದ ಗೋಡಂಬಿಯೇ ಸಾಕು.