ಲಿಸ್ಟೋವೆಲ್: ಪಬ್ಬಿನ ಗಲ್ಲಾದಿಂದ ಹೊರಟ ಸಾಹಿತ್ಯ ವಾರ

ಕೊನೆಯ ಗಿರಾಕಿ ಎದ್ದು ಹೋಗಿ, ಬಾಗಿಲು ಹಾಕಿ, ಲೋಟಗಳನ್ನು ತೊಳೆದಿಟ್ಟ ಮೇಲೆ ಜಾನ್ ಬಿ. ಕೇನ್ ಬರೆಯಲು ಕೂರುತ್ತಿದ್ದರು. ಪಕ್ಕದಲ್ಲೊಂದು ಲೋಟ ಬಿಯರ್. ಹಗಲೆಲ್ಲ ಗಲ್ಲಾದ ಹಿಂದೆ ನಿಂತು ಕೇಳಿದ ಮಾತುಗಳು ಕಿವಿಯಲ್ಲಿ ಇನ್ನೂ ಬಿಸಿಯಾಗಿಯೇ ಇರುತ್ತಿದ್ದವು. ದನ ಮಾರಿದವನ ಲೆಕ್ಕ, ಬದುವಿನ ಜಗಳ, ಮಗಳಿಗೆ ಗಂಡು ಗೊತ್ತಾಗದ ಅಪ್ಪನ ಚಿಂತೆ, ಇಂಗ್ಲೆಂಡಿಗೆ ದುಡಿಯಲು ಹೊರಟ ಹುಡುಗನ ಹುಸಿ ಧೈರ್ಯ, ಎಲ್ಲವೂ ರಾತ್ರಿಯ ಹೊತ್ತಿಗೆ ನಾಟಕದ ಸಂಭಾಷಣೆಯಾಗುತ್ತಿತ್ತು.

ಐರ್ಲೆಂಡಿನ ನೈರುತ್ಯ ಮೂಲೆಯ ಕೆರಿ ಕೌಂಟಿ. ಅದರ ಉತ್ತರ ಭಾಗದಲ್ಲಿ, ಫೇಲ್ ನದಿಯ ದಂಡೆಯ ಮೇಲೆ ಲಿಸ್ಟೋವೆಲ್ ಎಂಬ ಊರಿದೆ. ಜನಸಂಖ್ಯೆ ಐದು ಸಾವಿರದ ಆಸುಪಾಸು, ನಮ್ಮ ಕಡೆಯ ಒಂದು ಹೋಬಳಿ ಕೇಂದ್ರದಷ್ಟು. ಅಷ್ಟು ಸಣ್ಣ ಊರಿಗೆ ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ಐರ್ಲೆಂಡಿನ ಕಾದಂಬರಿಕಾರರು, ಕವಿಗಳು, ನಾಟಕಕಾರರು ಬಂದು ಸೇರುತ್ತಾರೆ. ಓದು, ಪುಸ್ತಕ ಬಿಡುಗಡೆ, ಕಮ್ಮಟ, ಪ್ರಶಸ್ತಿ, ಹಾಡು, ನಡುರಾತ್ರಿ ದಾಟುವ ಹರಟೆ. 1970ರಲ್ಲಿ ಹುಟ್ಟಿದ ಈ 'ಲಿಸ್ಟೋವೆಲ್ ರೈಟರ್ಸ್ ವೀಕ್' ಆ ದೇಶದ ಹಳೆಯ ಸಾಹಿತ್ಯ ಹಬ್ಬಗಳಲ್ಲಿ ಒಂದು. ಆದರೆ ಈ ಊರಿನ ಸಾಹಿತ್ಯದ ಹುಚ್ಚು ಹಬ್ಬಕ್ಕಿಂತ ಹಳೆಯದು. ಅದಕ್ಕೇ ಜಾನ್ ಬಿ. ಅವರಿಂದ ಶುರು ಮಾಡಿದೆ. ಅವರನ್ನು ಬಿಟ್ಟು ಲಿಸ್ಟೋವೆಲ್ ಬಗ್ಗೆ ಬರೆಯುವುದು ನನ್ನಿಂದಾಗದ ಮಾತು.

ಹುಟ್ಟಿದ್ದು 1928ರಲ್ಲಿ, ಅದೇ ಊರಿನ ಮೇಷ್ಟರೊಬ್ಬರ ಮಗನಾಗಿ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದರು. 1950ರ ದಶಕದ ಆರಂಭದಲ್ಲಿ ಅಲ್ಲಿನ ಸಾವಿರಾರು ಹುಡುಗರಂತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಬೀದಿ ಗುಡಿಸಿದರು, ಬಾರಿನಲ್ಲಿ ದುಡಿದರು. ವಾಪಸು ಬಂದು 1955ರಲ್ಲಿ ಮೇರಿ ಓಕಾನರ್ ಅವರನ್ನು ಮದುವೆಯಾಗಿ ವಿಲಿಯಂ ಸ್ಟ್ರೀಟಿನಲ್ಲಿ ಪಬ್ಬು ಕೊಂಡರು. 1958ರಲ್ಲಿ ಊರಿನ ಹವ್ಯಾಸಿ ತಂಡ ಲಿಸ್ಟೋವೆಲ್ ಡ್ರಾಮಾ ಗ್ರೂಪ್ ಆಡಿದ ನಾಟಕವೊಂದನ್ನು ನೋಡಿ ಬಂದವರು ಆ ರಾತ್ರಿಯೇ ಬರೆಯತೊಡಗಿದರು. ಬೆಳಗಾಗುವ ಹೊತ್ತಿಗೆ 'ಸೈವ್' ನಾಟಕದ ಮೊದಲ ದೃಶ್ಯ ಸಿದ್ಧವಾಗಿತ್ತು.

ಸೈವ್ ಎಂಬುದು ಹುಡುಗಿಯ ಹೆಸರು. ಓದುತ್ತಿರುವ ಹುಡುಗಿ, ತಂದೆತಾಯಿ ಇಲ್ಲ. ದುಡ್ಡಿರುವ ಮುದಿ ರೈತನೊಬ್ಬನಿಗೆ ಅವಳನ್ನು ಕಟ್ಟಲು ಮದುವೆ ದಲ್ಲಾಳಿ ಹವಣಿಸುತ್ತಾನೆ, ಮನೆಯೊಡತಿ ಮೀನಾ ಅವನ ಜೊತೆ ಸೇರುತ್ತಾಳೆ. ಮೀನಾ ಹುಟ್ಟಾ ಕೆಟ್ಟವಳಲ್ಲ. ಬಡತನ ಅವಳನ್ನು ಹಾಗೆ ಮಾಡಿದೆ, ಮತ್ತು ನಾಟಕ ಅದನ್ನು ಮರೆಸುವುದಿಲ್ಲ. ನಡುನಡುವೆ ಇಬ್ಬರು ಅಲೆಮಾರಿಗಳು, ಅಪ್ಪ ಮತ್ತು ಮಗ, ಮೇಕೆ ಚರ್ಮ ಬಿಗಿದ ತಮಟೆಯಂಥ ಬೌರಾನ್ ಬಾರಿಸುತ್ತ ಮನೆಗೆ ಬರುತ್ತಾರೆ. ಮನೆಯವರು ಮುಚ್ಚಿಡುವುದನ್ನೆಲ್ಲ ಹಾಡಿನಲ್ಲಿ ಬಯಲಿಗೆ ಎಳೆಯುತ್ತಾರೆ. ಹೆಣ್ಣುಮಗಳ ಬಾಳನ್ನು ದುಡ್ಡಿಗೆ ತೂಗುವ ಈ ಕಥೆಗೆ ಕನ್ನಡದ ಓದುಗರಿಗೆ ಪೀಠಿಕೆ ಬೇಕಿಲ್ಲ.

ಡಬ್ಲಿನ್ನಿನ ಆಬಿ ಥಿಯೇಟರ್ ಆಗ ಐರಿಷ್ ರಂಗಭೂಮಿಯ ದೊಡ್ಡ ಮನೆ. ಜಾನ್ ಬಿ. ಹಸ್ತಪ್ರತಿಯನ್ನು ಅಲ್ಲಿಗೆ ಕಳಿಸಿದರು, ಅದು ಹಿಂದಿರುಗಿ ಬಂತು. ಊರಿನ ತಂಡ ಮಾತ್ರ ಕೈಬಿಡಲಿಲ್ಲ. 1959ರ ಫೆಬ್ರುವರಿ 2ರಂದು ಲಿಸ್ಟೋವೆಲ್‌ನ ವಾಲ್ಷ್ ಬಾಲ್‌ರೂಮಿನಲ್ಲಿ, ಬ್ರೆಂಡನ್ ಕ್ಯಾರಲ್ ನಿರ್ದೇಶನದಲ್ಲಿ 'ಸೈವ್' ರಂಗಕ್ಕೆ ಬಂತು. ಮೀನಾಳಾಗಿ ನಟಿಸಿದವರು ನೋರಾ ರೆಲಿಹನ್. ಹಗಲು ತಂತಮ್ಮ ಕೆಲಸ ಮುಗಿಸಿ ಸಂಜೆ ತಾಲೀಮಿಗೆ ಬರುತ್ತಿದ್ದ ಜನ ಅವರೆಲ್ಲ. ಅದೇ ವರ್ಷ ಆಥ್‌ಲೋನ್‌ನಲ್ಲಿ ನಡೆದ ಅಖಿಲ ಐರ್ಲೆಂಡ್ ಹವ್ಯಾಸಿ ನಾಟಕೋತ್ಸವದಲ್ಲಿ ಅವರಿಗೇ ಮೊದಲ ಬಹುಮಾನ. ಹಸ್ತಪ್ರತಿ ವಾಪಸು ಕಳಿಸಿದ್ದ ಆಬಿಯೇ ಗೆದ್ದ ತಂಡವನ್ನು ಕರೆಸಿ ತನ್ನ ರಂಗದ ಮೇಲೆ ಒಂದು ವಾರ ಆಡಿಸಿತು.

ಈ ಘಟನೆಗೆ ನಾನು ಇಷ್ಟು ಜಾಗ ಕೊಡುತ್ತಿರುವುದಕ್ಕೆ ಕಾರಣವಿದೆ. ಒಬ್ಬ ಬರಹಗಾರನಿಗೆ ಮೊದಲ ಮನ್ನಣೆ ಕೊಟ್ಟದ್ದು ರಾಜಧಾನಿಯಲ್ಲ, ಅಕ್ಕಪಕ್ಕದ ಮನೆಯವರು. ಮುಂದೆ ರೈಟರ್ಸ್ ವೀಕ್ ಕಟ್ಟಿದವರ ಪಟ್ಟಿಯಲ್ಲಿ ಜಾನ್ ಬಿ. ಜೊತೆಗೆ ಅದೇ ನೋರಾ ರೆಲಿಹನ್ ಹೆಸರೂ ಇದೆ. ಹಬ್ಬಕ್ಕಿಂತ ಮೊದಲೇ ಅದರ ಕೇಳುಗರು ತಯಾರಾಗಿದ್ದರು.

ಜಾನ್ ಬಿ. ಮುಂದೆ ಬರೆದದ್ದು ರಾಶಿ. ಅದರಲ್ಲಿ 1965ರ 'ದಿ ಫೀಲ್ಡ್' ಎಲ್ಲಕ್ಕಿಂತ ದೂರ ಹೋಯಿತು. 1990ರಲ್ಲಿ ಜಿಮ್ ಶೆರಿಡನ್ ಅದನ್ನು ಸಿನಿಮಾ ಮಾಡಿದರು. ಬುಲ್ ಮೆಕೇಬ್ ಪಾತ್ರಕ್ಕೆ ರಿಚರ್ಡ್ ಹ್ಯಾರಿಸ್ ಅವರ ಹೆಸರು ಆಸ್ಕರ್ ಅಂತಿಮ ಪಟ್ಟಿಗೆ ಬಂತು. ಗೇಣಿಗೆ ಹಿಡಿದ ಹೊಲವನ್ನು ವರ್ಷಾನುಗಟ್ಟಲೆ ಬೆವರು ಸುರಿಸಿ ಹಸನು ಮಾಡಿದ ರೈತ, ಅದನ್ನು ಹರಾಜಿಗಿಟ್ಟ ವಿಧವೆ, ಕೊಳ್ಳಲು ಬಂದ ಹೊರಗಿನವನು, ನಡೆಯುವ ಕೊಲೆ, ಗೊತ್ತಿದ್ದೂ ಬಾಯಿ ಬಿಡದ ಊರು. ಕೆರಿಯಲ್ಲೇ 1958ರಲ್ಲಿ ನಡೆದ ಕೊಲೆಯೊಂದು ಇದರ ಹಿಂದಿದೆ. ಉಳುವವನೇ ಹೊಲದೊಡೆಯ ಎಂಬ ಮಾತು ಕೇಳಿ ಬೆಳೆದ ನಮ್ಮ ಪೀಳಿಗೆಗೆ ಬುಲ್ ಮೆಕೇಬ್‌ನ ಸಿಟ್ಟು ಥಟ್ಟನೆ ಅರ್ಥವಾಗುತ್ತದೆ. ಆದರೆ ಜಾನ್ ಬಿ. ಅವನ ಕ್ರೌರ್ಯಕ್ಕೆ ರಿಯಾಯಿತಿ ಕೊಡುವುದಿಲ್ಲ. ಅಂಥವರು ಅವರ ಪಬ್ಬಿಗೆ ಬರುವ ಗಿರಾಕಿಗಳೇ ಆಗಿದ್ದರು, ಹತ್ತಿರದಿಂದ ಕಂಡವರು.

ಊರಿನ ಇನ್ನೊಂದು ಕಂಬ ಬ್ರಯನ್ ಮೆಕ್‌ಮಾನ್ (1909–1998). ದಶಕಗಳ ಕಾಲ ಇದೇ ಊರಿನಲ್ಲಿ ಶಾಲಾ ಮೇಷ್ಟರಾಗಿದ್ದ ಕಥೆಗಾರ. ಮೇಷ್ಟರ ಬದುಕಿನ ಬಗ್ಗೆ ಬರೆದ 'ದಿ ಮಾಸ್ಟರ್' 1992ರಲ್ಲಿ ಬಂತು. ಅಲೆಮಾರಿಗಳ ಗುಟ್ಟುನುಡಿಯನ್ನು ಅವರ ಜೊತೆ ಕೂತು ಕಲಿತವರು. ಪೆಗ್ ಸೇಯರ್ಸ್ ಎಂಬ ದ್ವೀಪವಾಸಿ ಹೆಂಗಸು ಐರಿಷ್ ಭಾಷೆಯಲ್ಲಿ ಹೇಳಿ ಬರೆಸಿದ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದವರೂ ಅವರೇ. 1960ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋಗಿ, ಬರವಣಿಗೆಯನ್ನು ಕಮ್ಮಟದಲ್ಲಿ ಕಲಿಸುವ ಪದ್ಧತಿಯನ್ನು ಕಂಡು ಬಂದಿದ್ದರು. ರೈಟರ್ಸ್ ವೀಕ್‌ನಲ್ಲಿ ಕಮ್ಮಟಗಳಿಗೆ ಮೊದಲಿಂದಲೂ ಇರುವ ಮಹತ್ವದ ಹಿಂದೆ ಈ ಮೇಷ್ಟರಿದ್ದಾರೆ. ಅವರ ಹೆಸರಿನಲ್ಲಿ ಸಣ್ಣಕಥೆಯ ಸ್ಪರ್ಧೆಯೂ ನಡೆಯುತ್ತದೆ.

ಐರಿಷ್ ಬರಹಗಾರರ ಮಾತು ಬಂದಾಗ ನಮಗೊಂದು ಹಳೆಯ ಋಣ ನೆನಪಾಗಬೇಕು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಕವಿತೆ ಬರೆದು ತೋರಿಸಲು ಹೋದ ತರುಣನೊಬ್ಬನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದರು. ಆ ತರುಣ ಕುವೆಂಪು. ತಮ್ಮ ನಾಡಿನ ಭಾಷೆ ಜನರ ಬಾಯಿಂದ ಜಾರಿಹೋದದ್ದನ್ನು ಕಂಡಿದ್ದವರು ಹೇಳಿದ ಮಾತು ಅದು. ಕಸಿನ್ಸ್ ಬೆಲ್‌ಫಾಸ್ಟ್‌ನವರು, ಲಿಸ್ಟೋವೆಲ್‌ಗೂ ಅವರಿಗೂ ಸಂಬಂಧವಿಲ್ಲ. ಆದರೂ ಇಲ್ಲಿನ ಸ್ಪರ್ಧೆಗಳಲ್ಲಿ ಐರಿಷ್ ಭಾಷೆಯ ಬರಹಕ್ಕೆ ಇಟ್ಟಿರುವ ಜಾಗ ನೋಡಿದಾಗ ನನಗೆ ಅವರೇ ನೆನಪಾದರು.

ಹಬ್ಬದ ಕೇಂದ್ರ ಊರಿನ ಚೌಕದಲ್ಲಿರುವ ಲಿಸ್ಟೋವೆಲ್ ಆರ್ಮ್ಸ್ ಹೋಟೆಲು. ಐರಿಷ್ ನಾಯಕ ಪಾರ್ನೆಲ್ 1891ರಲ್ಲಿ, ಸಾಯುವ ಕೆಲವೇ ವಾರಗಳ ಮುಂಚೆ, ಇದೇ ಹೋಟೆಲಿನ ಕಿಟಕಿಯಲ್ಲಿ ನಿಂತು ಜನರನ್ನುದ್ದೇಶಿಸಿ ಮಾತನಾಡಿದ್ದರು. ಚೌಕದ ಮಧ್ಯದ ಹಳೆಯ ಚರ್ಚು ಈಗ ಸೇಂಟ್ ಜಾನ್ಸ್ ರಂಗಮಂದಿರ. ಪಕ್ಕದ ಹಳೆಯ ಮನೆಯೊಂದು ಕೆರಿ ಬರಹಗಾರರ ಮ್ಯೂಸಿಯಂ. ಕೇನ್, ಮೆಕ್‌ಮಾನ್, ಕವಿ ಬ್ರೆಂಡನ್ ಕೆನಲಿ, ನಾಟಕಕಾರ ಜಾರ್ಜ್ ಫಿಟ್ಜ್‌ಮೊರಿಸ್, 'ದಿ ಕ್ವಯಟ್ ಮ್ಯಾನ್' ಕಥೆ ಬರೆದ ಮೊರಿಸ್ ವಾಲ್ಷ್, ಐವರೂ ಈ ಸುತ್ತಿನ ನೆಲದವರು. ಎಲ್ಲವೂ ನಡಿಗೆಯ ದೂರ. ಕವಿತೆ ಓದಿದ ಕವಿ ಅರ್ಧ ಗಂಟೆ ಬಿಟ್ಟು ರಸ್ತೆಯಲ್ಲೇ ಸಿಗುತ್ತಾರೆ.

ಪುಸ್ತಕ ಬಿಡುಗಡೆಯ ರೀತಿಯೂ ಸರಳ. ಲೇಖಕರನ್ನು ಬಲ್ಲ, ಪುಸ್ತಕ ಓದಿರುವ ಇನ್ನೊಬ್ಬ ಬರಹಗಾರರು ನಾಲ್ಕು ಮಾತಾಡಿ ಕೃತಿಯನ್ನು ಜನರ ಕೈಗಿಡುತ್ತಾರೆ. ಲೇಖಕರು ಎರಡು ಮೂರು ಪುಟ ಓದುತ್ತಾರೆ. ಆಮೇಲೆ ಸಾಲು ನಿಂತು ಪ್ರತಿ ಕೊಂಡು ಸಹಿ ಹಾಕಿಸಿಕೊಳ್ಳುವುದು. ಓದಿಗೇ ಹೆಚ್ಚು ಹೊತ್ತು ಕೊಡುವ ಈ ಕ್ರಮ ನಮ್ಮ ಸಭೆಗಳಿಗೂ ಬರಲಿ ಎಂಬುದು ನನ್ನ ಬಹುದಿನದ ಆಸೆ.

ಇನ್ನು ಪ್ರಶಸ್ತಿ. ಹಬ್ಬದ ಮೊದಲ ಸಂಜೆ ಘೋಷಣೆಯಾಗುವ 'ಕೆರಿ ಗ್ರೂಪ್ ವರ್ಷದ ಐರಿಷ್ ಕಾದಂಬರಿ' ಪ್ರಶಸ್ತಿಯ ಮೊತ್ತ 20,000 ಯೂರೊ, ನಮ್ಮ ಲೆಕ್ಕದಲ್ಲಿ 20 ಲಕ್ಷ ರೂಪಾಯಿಯ ಆಸುಪಾಸು. 1995ರಿಂದ ನಡೆದು ಬಂದಿದೆ. ಐದು ಕಾದಂಬರಿಗಳನ್ನು ಅಂತಿಮ ಸುತ್ತಿಗೆ ಆರಿಸಿ, ಅದರಲ್ಲೊಂದಕ್ಕೆ ಬಹುಮಾನ. ಆ ದುಡ್ಡು ಬರುವುದು ಹಾಲಿನಿಂದ. ಇಂದು ಜಗತ್ತಿನಾದ್ಯಂತ ಆಹಾರೋದ್ಯಮ ನಡೆಸುವ ಕೆರಿ ಗ್ರೂಪ್‌ನ ಮೂಲ, 1972ರಲ್ಲಿ ಇದೇ ಲಿಸ್ಟೋವೆಲ್‌ನಲ್ಲಿ ಶುರುವಾದ ಹಾಲಿನ ಕಾರ್ಖಾನೆ. ಸುತ್ತಲಿನ ರೈತರು ಕರೆದು ಹಾಕಿದ ಹಾಲಿನಿಂದ ಬೆಳೆದ ಸಂಸ್ಥೆ ಕಾದಂಬರಿಗೆ ಬಹುಮಾನ ಕೊಡುತ್ತಿದೆ. ಮಂಡ್ಯ, ಹಾಸನದ ಹಾಲಿನ ಡೇರಿಗಳನ್ನು ಕಂಡವರಿಗೆ ಇದು ಎಷ್ಟು ಚೆಂದದ ಸಂಗತಿ ಎಂದು ಬಿಡಿಸಿ ಹೇಳಬೇಕಿಲ್ಲ.

ಪಡೆದವರಲ್ಲಿ 2016ರ ಆನ್ ಎನ್‌ರೈಟ್, 2022ರ ಕ್ಲೇರ್ ಕೀಗನ್ ಅವರಂಥ ದೊಡ್ಡ ಹೆಸರುಗಳಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು 2014ರ ಈಮರ್ ಮೆಕ್‌ಬ್ರೈಡ್. ಆರು ತಿಂಗಳಲ್ಲಿ ಬರೆದು ಮುಗಿಸಿದ ಮೊದಲ ಕಾದಂಬರಿಗೆ ಒಂಬತ್ತು ವರ್ಷ ಪ್ರಕಾಶಕರು ಸಿಗಲಿಲ್ಲ. ಮುರಿದು ಮುರಿದು ಬರುವ ವಾಕ್ಯಗಳ ಆ ಪುಸ್ತಕವನ್ನು ಕೊನೆಗೆ 2013ರಲ್ಲಿ ಅಚ್ಚು ಹಾಕಿದ್ದು ಇಂಗ್ಲೆಂಡಿನ ನಾರಿಚ್‌ನ ಪುಟ್ಟ ಪ್ರಕಾಶನ ಸಂಸ್ಥೆ, ಗ್ಯಾಲಿ ಬೆಗ್ಗರ್ ಪ್ರೆಸ್. ಮರುವರ್ಷ ಲಿಸ್ಟೋವೆಲ್‌ನ ಪ್ರಶಸ್ತಿ ಆ ಪುಸ್ತಕಕ್ಕೆ ಬಂತು. ಆಬಿಯಿಂದ ಹಿಂದಿರುಗಿದ ಹಸ್ತಪ್ರತಿಯನ್ನು ಎತ್ತಿ ಹಿಡಿದ ಊರು ಇದಲ್ಲವೇ.

ಕವನ ಸಂಕಲನಕ್ಕೆ ಪಿಗಟ್ ಪ್ರಶಸ್ತಿಯಿದೆ, ಹೊಸಬರಿಗೆ ಬೇರೆ ಸ್ಪರ್ಧೆಗಳಿವೆ. ಅವುಗಳಲ್ಲಿ ಒಂದು ಐರ್ಲೆಂಡಿನ ಜೈಲುಗಳಲ್ಲಿರುವ ಕೈದಿಗಳ ಬರಹಕ್ಕೆಂದೇ ಇರುವುದು. ಯಾವ ಸಾಹಿತ್ಯ ಹಬ್ಬವಾದರೂ ಧಾರಾಳವಾಗಿ ಅನುಸರಿಸಬಹುದಾದ ಕೆಲಸ.

ಐರ್ಲೆಂಡಿನಲ್ಲಿ ಬರಹಗಾರರಿಗೆ ಸರ್ಕಾರದ ಆಸರೆಯೂ ಇದೆ. 1969ರಿಂದಲೇ ಸೃಜನಶೀಲ ಕೃತಿಯ ಗಳಿಕೆಗೆ ಆದಾಯ ತೆರಿಗೆ ವಿನಾಯಿತಿ ಇದೆ, ಈಗ ಅದಕ್ಕೊಂದು ಮಿತಿ ಹಾಕಿದ್ದಾರೆ. 1981ರಲ್ಲಿ ಸ್ಥಾಪನೆಯಾದ ಈಸ್‌ಡಾನಾ ಎಂಬ ಕಲಾವಿದರ ಬಳಗದ ಸದಸ್ಯರಲ್ಲಿ ಅಗತ್ಯವಿದ್ದವರಿಗೆ ಜೀವನ ಭತ್ಯೆಯೂ ಸಿಗುತ್ತದೆ. ಆದರೆ ಇಂಥ ಹಬ್ಬವನ್ನು ಐವತ್ತು ವರ್ಷ ದಾಟಿಸಿದ್ದು ಸಂಬಳವಿಲ್ಲದ ದುಡಿಮೆ. ಅತಿಥಿಗಳನ್ನು ಎದುರುಗೊಳ್ಳುವುದು, ಕುರ್ಚಿ ಹಾಕುವುದು, ಟಿಕೆಟ್ ಮಾರುವುದು, ಕಾರ್ಯಕ್ರಮ ಪಟ್ಟಿ ಮಾಡುವುದು, ಎಲ್ಲ ಊರಿನವರದೇ. ಜಾನ್ ಬಿ. ತೀರಿಕೊಂಡದ್ದು 2002ರ ಮೇ 30ರಂದು, ರೈಟರ್ಸ್ ವೀಕ್ ನಡೆಯುತ್ತಿರುವಾಗಲೇ. ಅತಿಥಿಗಳು ಊರಲ್ಲಿದ್ದಂತೆಯೇ ಊರು ಅವರನ್ನು ಬೀಳ್ಕೊಡಬೇಕಾಯಿತು. 2020ರಲ್ಲಿ ಕೋವಿಡ್‌ನಿಂದ ಹಬ್ಬವೇ ನಿಂತಿತು.

2022ರಲ್ಲಿ ಬೇರೆ ಥರದ ಪೆಟ್ಟು ಬಿತ್ತು. ಸಲಹೆಗಾರರ ವರದಿಯ ನಂತರ ಸ್ವಯಂಸೇವಕರ ಸಮಿತಿಯನ್ನು ಕೈಬಿಟ್ಟು, ಕಾರ್ಯಕ್ರಮ ರೂಪಿಸಲು ವೃತ್ತಿಪರ ಕ್ಯುರೇಟರ್ ಒಬ್ಬರನ್ನು ನೇಮಿಸಲಾಯಿತು. ವರ್ಷಗಟ್ಟಲೆ ದುಡಿದವರು ನೊಂದುಕೊಂಡರು, ಊರಲ್ಲಿ ದೊಡ್ಡ ಚರ್ಚೆಯೇ ಆಯಿತು. ಅನುದಾನ ಬೇಕೆಂದರೆ ಲೆಕ್ಕಪತ್ರ ಶಿಸ್ತಾಗಿರಬೇಕು, ಹೊಸ ದನಿಗಳು ಬರಬೇಕು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ನನ್ನ ಮನಸ್ಸು ಆ ಕುರ್ಚಿ ಹಾಕಿದವರ ಕಡೆಗೇ ಇದೆ. ವೃತ್ತಿಪರರನ್ನು ಎಲ್ಲಿಂದಲಾದರೂ ಕರೆತರಬಹುದು. ಬಾಲ್‌ರೂಮಿನಲ್ಲಿ 'ಸೈವ್' ಆಡಿದಂಥ ಜನರನ್ನು ಹಾಗೆ ತರಲಾಗದು.

ಹಬ್ಬ ನಿಂತಿಲ್ಲ. ವಿಲಿಯಂ ಸ್ಟ್ರೀಟಿನ ಪಬ್ಬನ್ನು ಜಾನ್ ಬಿ. ಅವರ ಮಗ, ಸ್ವತಃ ಬರಹಗಾರರಾದ ಬಿಲ್ಲಿ ಕೇನ್ ನಡೆಸಿಕೊಂಡು ಬಂದಿದ್ದಾರೆ. ಐರ್ಲೆಂಡಿನಲ್ಲಿ ಈಗ ಕನ್ನಡಿಗರೂ ಸಾಕಷ್ಟಿದ್ದಾರೆ. ಜೂನ್ ಮೊದಲ ಸೋಮವಾರ ಅಲ್ಲಿ ರಜೆ, ಅದರ ಹಿಂದಿನ ದಿನಗಳೇ ಲಿಸ್ಟೋವೆಲ್‌ನ ಹಬ್ಬ. ಊರಿಗೆ ಈಗ ರೈಲಿಲ್ಲ. ಡಬ್ಲಿನ್ನಿನಿಂದ ಟ್ರಲೀವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿಯಬೇಕು. ದೊಡ್ಡ ಲೇಖಕರ ಸಭೆಗೆ ಟಿಕೆಟ್ ಸಿಗದಿದ್ದರೂ ಚಿಂತೆಯಿಲ್ಲ, ಸಂಜೆ ಪಬ್ಬಿನಲ್ಲಿ ವಯಸ್ಸಾದವರ ಪಕ್ಕ ಜಾಗ ಹಿಡಿಯಿರಿ. 1959ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. 'ಸೈವ್' ಮೊದಲ ಸಲ ಆಡಿದ ಚಳಿಗಾಲವನ್ನು ಕಂಡು ಹೇಳಬಲ್ಲವರು ಆ ಊರಿನಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.